ನೇರ ಗೆರೆಯ ಕಷ್ಟ: ಬೀದರಿನ ಆಕಾಶದ ಒಂದು ಚರಿತ್ರೆ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳ ಕಡೆಯವರು ಕಡಿಮೆಯೇನಲ್ಲ. ಊರಿನ ಹೆಗ್ಗಳಿಕೆಯ ಮಾತು ಬಂದಾಗ ನಾವು ಹೇಳಿಕೊಳ್ಳುವುದು ಬಹಮನಿ ಅರಸರ ಕೋಟೆ, ಮಹಮೂದ್ ಗವಾನನ ಮದರಸಾ, ನಾನಕ್ ಝೀರಾ, ಬಿದ್ರಿ ಕೆಲಸ, ಸ್ವಲ್ಪ ಆಚೆಗೆ ಬಸವಕಲ್ಯಾಣ. ಇವುಗಳ ವಿಷಯವಾಗಿ ಲೇಖನಗಳು ಬಂದಿವೆ, ಇನ್ನೂ ಬರುತ್ತವೆ. ಆದರೆ ಬೀದರಿಗೆ ಇನ್ನೊಂದು ಕಲೆಯೂ ಉಂಟು. ಅದಕ್ಕೆ ಕಲ್ಲಿಲ್ಲ, ಬೆಳ್ಳಿಯ ತಂತಿಯಿಲ್ಲ. ಬರೆದ ಕೆಲವೇ ನಿಮಿಷಗಳಲ್ಲಿ ಗಾಳಿ ಅದನ್ನು ಒರೆಸಿಬಿಡುತ್ತದೆ. ವಿಮಾನದಿಂದ ಆಕಾಶದಲ್ಲಿ ಗೆರೆ ಎಳೆಯುವ ಕಲೆ ಅದು. ಏರೋಬ್ಯಾಟಿಕ್ಸ್ ಎಂದು ಅದರ ಹೆಸರು. ನಾವು ವಿಮಾನ ಕಸರತ್ತು ಎನ್ನೋಣ.

ಈ ಕಸರತ್ತಿಗೆ ಎರಡು ಶಾಖೆಗಳು. ಒಂದರಲ್ಲಿ ಮನುಷ್ಯ ವಿಮಾನದ ಒಳಗೆ ಕೂತಿರುತ್ತಾನೆ. ಇನ್ನೊಂದರಲ್ಲಿ ಅವನು ಬಯಲಿನಲ್ಲಿ ನಿಂತು, ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು, ಎರಡು ಕಡ್ಡಿಗಳನ್ನು ಬೆರಳಿನಿಂದ ಆಡಿಸುತ್ತ, ದೂರದಲ್ಲಿ ಹಾರುವ ಪುಟ್ಟ ಮಾದರಿ ವಿಮಾನವನ್ನು ರೇಡಿಯೋ ಅಲೆಗಳ ಮೂಲಕ ನಡೆಸುತ್ತಾನೆ. ಎರಡನೆಯದನ್ನು ನೋಡಿದವರು ಇದು ಮಕ್ಕಳಾಟ, ಇಲ್ಲವೆ ದುಡ್ಡಿದ್ದವರ ಷೋಕಿ ಎಂದು ನಕ್ಕು ಮುಂದೆ ಹೋಗುವುದುಂಟು. ನನ್ನ ಅಭಿಪ್ರಾಯ ಬೇರೆ. ದೊಡ್ಡ ವಿಮಾನದ ಕಸರತ್ತಿನಲ್ಲಿ ಕಷ್ಟ ಎಲ್ಲಿದೆ ಎಂಬುದು ನೆಲದ ಮೇಲಿರುವ ನಮ್ಮಂಥವರಿಗೆ ತಿಳಿಯಬೇಕಾದರೆ ಈ ಚಿಕ್ಕ ವಿಮಾನವೇ ಒಳ್ಳೆಯ ಮೇಷ್ಟ್ರು.

ಮೊದಲು ಸ್ವಲ್ಪ ಹಳೆಯ ಸಂಗತಿ. ರೈಟ್ ಸಹೋದರರು ಹಾರಿ ಹತ್ತು ವರ್ಷವಾಗುವ ಮುನ್ನವೇ, 1913ರ ಸೆಪ್ಟೆಂಬರಿನಲ್ಲಿ, ಕೀವ್ ನಗರದ ಮೇಲೆ ರಷ್ಯದ ಸೇನೆಯ ಪ್ಯೋತರ್ ನೆಸ್ತೆರೋವ್ ತನ್ನ ವಿಮಾನವನ್ನು ಲಂಬವಾದ ಪೂರ್ಣ ವೃತ್ತದಲ್ಲಿ ಸುತ್ತಿಸಿ ಇಳಿಸಿದ. ಪ್ರಪಂಚದ ಮೊದಲ ಲೂಪ್ ಅದು. ಮೇಲಧಿಕಾರಿಗಳಿಂದ ಅವನಿಗೆ ಸಿಕ್ಕ ಮೊದಲ ಬಹುಮಾನವೆಂದರೆ ಸರ್ಕಾರಿ ಸ್ವತ್ತನ್ನು ಅಪಾಯಕ್ಕೆ ಒಡ್ಡಿದ್ದಕ್ಕಾಗಿ ಹತ್ತು ದಿನದ ಬಂಧನ! ಸರ್ಕಾರಿ ನೌಕರನಾದ ನನಗೆ ಈ ಆಜ್ಞೆಯ ಧಾಟಿ ತೀರ ಪರಿಚಿತವೆನಿಸುತ್ತದೆ. ಕಡತದಲ್ಲಿ ಅದರ ಕರಡು ಯಾರು ಬರೆದಿರಬಹುದೆಂದೂ ಊಹಿಸಬಲ್ಲೆ. ಅದೇ ತಿಂಗಳು ಫ್ರಾನ್ಸಿನ ಅಡಾಲ್ಫ್ ಪೆಗೂ ಕೂಡ ತಲೆಕೆಳಗಾಗಿ ಹಾರಿ, ಲೂಪ್ ಹಾಕಿ ತೋರಿಸಿದ. ಜನ ಅದನ್ನು ಸರ್ಕಸ್ಸಿನಂತೆ ನೋಡಿದರು. ನೆಸ್ತೆರೋವನ ಉದ್ದೇಶ ಮಾತ್ರ ಸರ್ಕಸ್ಸಾಗಿರಲಿಲ್ಲ. ಯಾವ ಭಂಗಿಗೆ ಬಂದರೂ ವಿಮಾನವನ್ನು ಮತ್ತೆ ಹದಕ್ಕೆ ತರಬಹುದು ಎಂಬುದನ್ನು ಸಿದ್ಧಮಾಡುವುದು ಅವನ ಗುರಿಯಾಗಿತ್ತು. ಇಂದಿಗೂ ವಾಯುಪಡೆಗಳು ತರಬೇತಿಯಲ್ಲಿ ಕಸರತ್ತು ಕಲಿಸುವುದು ಇದೇ ಕಾರಣಕ್ಕೆ.

ಮಾದರಿ ವಿಮಾನಗಳ ಕಥೆ ಬೇರೆ ದಾರಿಯಿಂದ ಬಂತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದ್ದ. ಆ ವಿದ್ಯೆ ಆಕಾಶಕ್ಕೆ ಏರಲು ಸುಮಾರು ನಾಲ್ಕು ದಶಕ ಹಿಡಿಯಿತು. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರು ತಮ್ಮ ‘ಗಫ್’ ಎಂಬ ಮಾದರಿಯನ್ನು ರೇಡಿಯೋದಿಂದ ಹಾರಿಸಿದರು. ಆಗಿನ ಉಪಕರಣಗಳು ಎಷ್ಟು ಒರಟೆಂದರೆ, ಚುಕ್ಕಾಣಿ ತಿರುಗಿದರೆ ಪೂರ್ತಿ ತಿರುಗಬೇಕು, ಇಲ್ಲವಾದರೆ ಇಲ್ಲ. ಎತ್ತಿನ ಗಾಡಿಯ ಹಗ್ಗವನ್ನು ಒಮ್ಮೆ ಪೂರಾ ಎಳೆಯಬೇಕು ಇಲ್ಲವೆ ಪೂರಾ ಬಿಡಬೇಕು ಎಂದರೆ ಗಾಡಿ ಹೇಗೆ ಹೋದೀತು, ಹಾಗೆ. ಗುಂಡಿಗಳನ್ನು ಟಕಟಕನೆ ಒತ್ತಿ ಬಿಟ್ಟು, ಆ ಜರ್ಕುಗಳ ಸರಾಸರಿಯಿಂದ ಒಂದು ನಯವಾದ ಗೆರೆಯನ್ನು ಹೊರಡಿಸುವುದೇ ಅಂದಿನ ಕೈಚಳಕ. ಕಡ್ಡಿಯನ್ನು ಎಷ್ಟು ಸರಿಸಿದರೆ ವಿಮಾನದ ಪಟ್ಟಿಯೂ ಅಷ್ಟೇ ಸರಿಯುವ ಪ್ರಮಾಣಬದ್ಧ ಉಪಕರಣ ಬಳಕೆಗೆ ಬಂದದ್ದು 1960ರ ದಶಕದಲ್ಲಿ.

1960 ಈ ಎರಡೂ ಶಾಖೆಗಳಿಗೆ ದೊಡ್ಡ ವರ್ಷ. ಒಳಗೆ ಕೂತು ಹಾರುವವರ ಮೊದಲ ವಿಶ್ವ ಕಸರತ್ತು ಸ್ಪರ್ಧೆ ಚೆಕೊಸ್ಲೊವಾಕಿಯದ ಬ್ರಾಟಿಸ್ಲಾವಾದಲ್ಲಿ ನಡೆದು, ಆ ದೇಶದವನೇ ಆದ ಲಾಡಿಸ್ಲಾವ್ ಬೆಜಾಕ್ ಗೆದ್ದ. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ನಡೆದ ರೇಡಿಯೋ ಮಾದರಿಗಳ ಮೊದಲ ವಿಶ್ವ ಸ್ಪರ್ಧೆಯಲ್ಲಿ ಅಮೆರಿಕದ ಎಡ್ ಕಜ್ಮಿರ್ಸ್ಕಿ ಗೆದ್ದ. ಮುಂದೆ ಈ ಕ್ಷೇತ್ರವನ್ನು ಆಳಿದವನು ಆಸ್ಟ್ರಿಯದ ಹಾನ್ನೊ ಪ್ರೆಟ್ನರ್. 1977ರಿಂದ 1991ರವರೆಗಿನ ಅವಧಿಯಲ್ಲಿ ಅವನು ಏಳು ಬಾರಿ ವಿಶ್ವ ವಿಜೇತನಾದ.

ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟ ಈ ಸ್ಪರ್ಧೆಗೆ ಇಟ್ಟಿರುವ ಹೆಸರು ಎಫ್-3-ಎ. ವಿಮಾನದ ಉದ್ದ, ರೆಕ್ಕೆಯ ಅಗಲ ಎರಡೂ 2 ಮೀಟರಿನೊಳಗೆ. ತೂಕ 5 ಕಿಲೋ. ಹಿಂದೆ ಮಿಥೈಲ್ ಆಲ್ಕೊಹಾಲಿಗೆ ಹರಳೆಣ್ಣೆ ಬೆರೆಸಿದ ಇಂಧನದಿಂದ ಎಂಜಿನ್ ಓಡುತ್ತಿತ್ತು. ಆ ಕಾಲದವರಿಗೆ ಹರಳೆಣ್ಣೆ ಸುಟ್ಟ ವಾಸನೆಯೇ ಹವ್ಯಾಸದ ವಾಸನೆ. ಈಗ ಬಹುತೇಕ ವಿದ್ಯುತ್ ಮೋಟಾರು. ಸ್ಪರ್ಧಾಳು ತನ್ನಿಂದ ಸುಮಾರು 150 ಮೀಟರ್ ದೂರದ ಒಂದು ಅದೃಶ್ಯ ಗೋಡೆಯ ಮೇಲೆ ವಿಮಾನ ಹಾರಿಸಬೇಕು. ಎಡಕ್ಕೆ 60 ಡಿಗ್ರಿ, ಬಲಕ್ಕೆ 60, ಎತ್ತರಕ್ಕೆ 60. ಅಷ್ಟೇ ಅವನ ಹಲಗೆ. ಅದರೊಳಗೆ ಗೊತ್ತುಮಾಡಿದ ಆಕೃತಿಗಳನ್ನು ಗೊತ್ತಾದ ಅನುಕ್ರಮದಲ್ಲಿ ಬರೆಯಬೇಕು. ಹಿಂದೆ ಒಂದು ಆಕೃತಿಗೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಬಿಡುವಿರುತ್ತಿತ್ತು. 1980ರ ದಶಕದ ನಡುವಿನಿಂದ ಅದೂ ಇಲ್ಲ. ತಿರುವೂ ಒಂದು ಆಕೃತಿಯೇ, ಅದಕ್ಕೂ ಅಂಕ. ತೀರ್ಪುಗಾರರು ಪ್ರತಿಯೊಂದಕ್ಕೂ ಹತ್ತರಿಂದ ಆರಂಭಿಸಿ ಕಳೆಯುತ್ತ ಬರುತ್ತಾರೆ. ಸರಿಸುಮಾರು 15 ಡಿಗ್ರಿ ಓರೆಯಾದರೆ ಒಂದು ಅಂಕ ಹೋಯಿತು. ಉಳಿದದ್ದನ್ನು ಆಕೃತಿಯ ಕಷ್ಟಕ್ಕೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಮೆಚ್ಚಿ ಕೊಡುವ ಅಂಕ ಇಲ್ಲವೇ ಇಲ್ಲ, ತಪ್ಪಿಗೆ ಕಳೆಯುವುದು ಮಾತ್ರ. ವ್ಯಾಕರಣದ ಮೇಷ್ಟರ ಕೈಗೆ ಸಿಕ್ಕ ಪ್ರಬಂಧದಂತೆ.

ಇದರಲ್ಲಿ ಕಷ್ಟವೇನು ಎಂದು ಕೇಳಬಹುದು. ಅತ್ಯಂತ ಸರಳವಾದ ಆಕೃತಿಯನ್ನೇ ತೆಗೆದುಕೊಳ್ಳೋಣ. ಲೂಪ್ ಎಂದರೆ ವೃತ್ತ. ಮೇಲೇರುವಾಗ ಭೂಮಿಯ ಸೆಳೆತ ವೇಗವನ್ನು ತಿನ್ನುತ್ತದೆ, ಇಳಿಯುವಾಗ ಅದೇ ಸೆಳೆತ ವೇಗವನ್ನು ಕೊಡುತ್ತದೆ. ಕಡ್ಡಿಯನ್ನು ಒಂದೇ ಹಿಡಿತದಲ್ಲಿ ಎಳೆದು ಇಟ್ಟರೆ ಹುಟ್ಟುವುದು ವೃತ್ತವಲ್ಲ, ತಲೆ ಚಿವುಟಿದ ಮೊಟ್ಟೆ. ಮೇಲೆ ಕೈ ಸಡಿಲಿಸಬೇಕು, ಕೆಳಗೆ ಬಿಗಿಮಾಡಬೇಕು, ಎಂಜಿನ್ನಿನ ಬಲವನ್ನೂ ಏರಿಳಿಸಬೇಕು. ಜೊತೆಗೆ ಗಾಳಿ. ಎದುರುಗಾಳಿಗೆ ಹಾಕಿದ ವೃತ್ತ ಗಾಳಿಯೊಂದಿಗೆ ಹಿಂದಕ್ಕೆ ತೇಲಿಹೋಗುತ್ತದೆ. ವಿಮಾನ ಗಾಳಿಯಲ್ಲಿ ವೃತ್ತ ಬರೆದರೆ ಸಾಲದು, ನೋಡುವವನ ಕಣ್ಣಿಗೆ ವೃತ್ತ ಕಾಣಬೇಕು. ಅಂದರೆ ಗಾಳಿ ಎಷ್ಟು ಕೆಡಿಸುತ್ತದೋ ಅಷ್ಟನ್ನು ಮುಂಚಿತವಾಗಿ ತಿದ್ದಿ ಹಾರಿಸಬೇಕು.

ಇನ್ನು ನಿಧಾನ ಉರುಳು. ನೇರ ದಾರಿಯಲ್ಲಿ ಸಾಗುತ್ತಲೇ ವಿಮಾನ ತನ್ನ ಉದ್ದದ ಸುತ್ತ ಒಮ್ಮೆ ಮಗ್ಗುಲಾಗಿ ಪೂರಾ ಹೊರಳಬೇಕು, ಆದರೆ ಸಾಗುವ ಗೆರೆ ಒಂದು ಅಂಗುಲವೂ ಜಗ್ಗಬಾರದು. ಕಾಲು ಸುತ್ತು ಹೊರಳಿದಾಗ ರೆಕ್ಕೆಗಳು ಲಂಬವಾಗಿ ನಿಲ್ಲುತ್ತವೆ. ಎತ್ತಿ ಹಿಡಿಯಲು ರೆಕ್ಕೆಯೇ ಇಲ್ಲದಂತಾಗುತ್ತದೆ. ಆಗ ಚುಕ್ಕಾಣಿಯಿಂದ ಮೂತಿಯನ್ನು ಮೇಲಕ್ಕೆ ಹಿಡಿಯಬೇಕು. ಅರ್ಧ ಸುತ್ತಿಗೆ ವಿಮಾನ ಬೋರಲು. ಮೇಲಕ್ಕೆತ್ತಲು ಕಡ್ಡಿಯನ್ನು ಎಳೆಯುವ ಬದಲು ನೂಕಬೇಕು. ಮುಕ್ಕಾಲು ಸುತ್ತಿಗೆ ಚುಕ್ಕಾಣಿ ಮತ್ತೆ, ಆದರೆ ಈಗ ವಿರುದ್ಧ ದಿಕ್ಕಿಗೆ. ಇಷ್ಟೂ ಆಗುತ್ತಿರುವಾಗ ಹೊರಳುವ ವೇಗ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ತಾಳ, ಕಾಲಲ್ಲಿ ಗೆಜ್ಜೆ. ಇಷ್ಟೆಲ್ಲ ಮಾಡಿ ಸಾಧಿಸುವುದು ಏನನ್ನು? ಒಂದು ನೇರ ಗೆರೆ!

ಒಳಗೆ ಕೂತವನಿಗೆ ಇರುವ ಒಂದು ಅನುಕೂಲ ನೆಲದ ಮೇಲೆ ನಿಂತವನಿಗೆ ಇಲ್ಲ. ವಿಮಾನ ವಾಲಿದರೆ, ಕುಸಿದರೆ, ಒಳಗಿನವನ ಮೈಗೆ ತಿಳಿಯುತ್ತದೆ. ನೆಲದವನಿಗೆ ಕಣ್ಣೊಂದೇ ಗತಿ. ವಿಮಾನ ಅವನಿಂದ ದೂರ ಹೋಗುವಾಗ ಎಡ ಎಂದರೆ ಎಡ. ಅವನ ಕಡೆಗೆ ಬರುವಾಗ ಎಡ ಬಲವಾಗುತ್ತದೆ. ಕಲಿಯುವವರ ಬಹುಪಾಲು ವಿಮಾನಗಳು ಮುರಿಯುವುದು ಈ ಗೊಂದಲದಲ್ಲೇ. ಹಳಬರು ಹೇಳಿಕೊಡುವ ಉಪಾಯ ಸೊಗಸಾಗಿದೆ: ವಿಮಾನ ನಿನ್ನ ಕಡೆ ಬರುತ್ತಿದ್ದರೆ, ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಕಡ್ಡಿಯನ್ನು ಸರಿಸು, ಬೀಳುವ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ನನ್ನ ಸಹೋದ್ಯೋಗಿಯೊಬ್ಬರ ಮಗ ಮೂರು ತಿಂಗಳು ಬಾಲ್ಸಾ ಕಟ್ಟಿಗೆಯನ್ನು ಕೊರೆದು, ಅಂಟಿಸಿ, ಹೊದಿಸಿ ಮಾಡಿದ ವಿಮಾನ ಮೂರನೆಯ ಹಾರಾಟದಲ್ಲೇ ಮೂತಿ ಊರಿತು. ಹುಡುಗ ಅಳಲಿಲ್ಲ. ತುಂಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು, “ಅಂಕಲ್, ಎಡಕ್ಕೆ ಕೊಡಬೇಕಿತ್ತು, ಬಲಕ್ಕೆ ಕೊಟ್ಟೆ” ಎಂದ. ಅಷ್ಟೇ. ಮಾದರಿ ವಿಮಾನದಲ್ಲಿ ತಪ್ಪಿನ ಬೆಲೆ ಮೂರು ತಿಂಗಳ ಶ್ರಮ ಮತ್ತು ಒಂದು ಗೋಣಿಚೀಲ. ದೊಡ್ಡ ವಿಮಾನದಲ್ಲಿ ಆ ಬೆಲೆ ಬೇರೆ. ಆ ಮಾತು ಮುಂದೆ ಬರುತ್ತದೆ.

ನಮ್ಮ ದೇಶದಲ್ಲಿ ಈ ಹವ್ಯಾಸ ಬಹುಕಾಲ ವಿರಳವಾಗಿಯೇ ಉಳಿದದ್ದಕ್ಕೆ ಹಣವೊಂದೇ ಕಾರಣವಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವಂತೆಯೇ ಇರಲಿಲ್ಲ. ಹಾಗಾಗಿ ತರುಣರು ಹೆಚ್ಚಾಗಿ ಕಲಿತದ್ದು ಎನ್.ಸಿ.ಸಿ.ಯ ವಾಯು ವಿಭಾಗದ ಏರೋಮಾಡೆಲಿಂಗ್ ತರಗತಿಗಳಲ್ಲಿ. ಅದೂ ರೇಡಿಯೋ ಇಲ್ಲದೆ, ಎರಡು ತಂತಿಗಳ ತುದಿಯಲ್ಲಿ ಗಿರಗಿರನೆ ಸುತ್ತುವ ವಿಮಾನಗಳಲ್ಲಿ. ರೇಡಿಯೋ ಇದ್ದವರಿಗೂ ಇನ್ನೊಂದು ಪೀಕಲಾಟ. ಒಂದೇ ಕಂಪನಾಂಕದಲ್ಲಿ ಇಬ್ಬರು ಪೆಟ್ಟಿಗೆ ಚಾಲೂ ಮಾಡಿದರೆ ವಿಮಾನ ಯಾರ ಮಾತನ್ನೂ ಕೇಳದೆ ನೆಲಕ್ಕೆ ಬರುತ್ತಿತ್ತು. ಅದಕ್ಕಾಗಿ ಬಯಲಿನಲ್ಲಿ ಒಂದು ಹಲಗೆ, ಅದರ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಕ್ಲಿಪ್ಪು ಯಾರ ಬಳಿಯೋ ಆ ಕಂಪನಾಂಕ ಅವರದು. ಈಗಿನ 2.4 ಗಿಗಾಹರ್ಟ್ಸ್ ಉಪಕರಣಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಹಲಗೆಗಳು ಮೂಲೆ ಸೇರಿವೆ.

ಇನ್ನು ದೊಡ್ಡ ವಿಮಾನಗಳಿಗೆ, ನಮ್ಮ ಪ್ರದೇಶಕ್ಕೆ ಬರೋಣ. ನಿಜಾಮರ ಕಾಲದಲ್ಲಿಯೇ, 1930ರ ದಶಕದಲ್ಲಿ, ಬೇಗಂಪೇಟೆಯಲ್ಲಿ ವಿಮಾನ ನಿಲ್ದಾಣವೂ ಹೈದರಾಬಾದ್ ಏರೋ ಕ್ಲಬ್ಬೂ ತಲೆಯೆತ್ತಿದ್ದವು. ಎರಡನೆಯ ಮಹಾಯುದ್ಧ ಬಂದಾಗ ಅಲ್ಲಿಯೇ ತರುಣರಿಗೆ ಟೈಗರ್ ಮಾತ್ ವಿಮಾನಗಳ ಮೇಲೆ ಪ್ರಾಥಮಿಕ ತರಬೇತಿ ನಡೆಯಿತು. ಸ್ವಾತಂತ್ರ್ಯಾನಂತರ ಹಕೀಂಪೇಟೆ, ಬೀದರ, 1971ರಿಂದ ದುಂಡಿಗಲ್‌ನ ವಾಯುಪಡೆ ಅಕಾಡೆಮಿ, ಹೀಗೆ ಈ ದಖ್ಖನಿನ ಪ್ರಸ್ಥಭೂಮಿ ದೇಶದ ವೈಮಾನಿಕರ ಅಕ್ಷರಾಭ್ಯಾಸದ ಶಾಲೆಯೇ ಆಗಿಹೋಯಿತು.

ಅಕ್ಷರಾಭ್ಯಾಸದ ಸ್ಲೇಟುಗಳು ಬಂದದ್ದು ಬೆಂಗಳೂರಿನಿಂದ. ಹಿಂದುಸ್ತಾನ್ ಏರ್‌ಕ್ರಾಫ್ಟಿನ ಡಾ. ವಿ. ಎಂ. ಘಾಟಗೆಯವರು ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಪ್ರಾಂಡ್ಟಲ್ ಎಂಬ ಮಹಾವಿಜ್ಞಾನಿಯ ಶಿಷ್ಯರಾಗಿದ್ದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪಾಠ ಹೇಳಿದವರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಬೀದರಿನ ಪ್ರಾಥಮಿಕ ಶಾಲೆಯಲ್ಲಿ ಎಷ್ಟೋ ವೈಮಾನಿಕರು ಮೊದಲ ಬಾರಿಗೆ ನೆಲ ಬಿಟ್ಟದ್ದು ಇದೇ ವಿಮಾನದಲ್ಲಿ. ಅನಂತರ ಅವರದೇ ಮಾರ್ಗದರ್ಶನದಲ್ಲಿ ಜೆಟ್ ತರಬೇತಿ ವಿಮಾನ ‘ಕಿರಣ್’. 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತೋ! 1970ರ ಜನವರಿಯಲ್ಲಿ ಮಾರುತ್ ವಿಮಾನವೊಂದನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು.

ಕಸರತ್ತಿನ ತಂಡವೆಂದು ವಾಯುಪಡೆ ಹೆಸರು ಮಾಡಿದ್ದು 1982ರಲ್ಲಿ. ಸುವರ್ಣ ಮಹೋತ್ಸವದ ವರ್ಷ, ಹಂಟರ್ ವಿಮಾನಗಳ ‘ಥಂಡರ್‌ಬೋಲ್ಟ್ಸ್’. ಆ ದಶಕ ಮುಗಿಯುವಷ್ಟರಲ್ಲಿ ಆ ತಂಡವೂ ಮುಗಿಯಿತು. ಹೊಸ ತಂಡ ಹುಟ್ಟಿದ್ದು 1996ರ ಮೇ ತಿಂಗಳಲ್ಲಿ, ಬೀದರಿನಲ್ಲಿ. ಹೆಸರು ‘ಸೂರ್ಯಕಿರಣ್’. ಆರು ಕಿರಣ್ ವಿಮಾನಗಳಿಂದ ಆರಂಭವಾಗಿ, 1998ರ ಅಕ್ಟೋಬರ್ 8ರ ವಾಯುಪಡೆ ದಿನದಂದು ದೆಹಲಿಯಲ್ಲಿ ಒಂಬತ್ತು ವಿಮಾನಗಳಾಗಿ ಕಾಣಿಸಿಕೊಂಡಿತು.

ಆ ವರ್ಷಗಳಲ್ಲಿ ನಾನು ಬೀದರಿನಲ್ಲಿ ವಿದ್ಯಾರ್ಥಿ. ದೆಹಲಿಯವರು ಟಿಕೆಟ್ಟು, ಪಾಸು ಹಿಡಿದು ನೋಡುವುದನ್ನು ನಾವು ಮಾಳಿಗೆಯ ಮೇಲೆ ನಿಂತು, ಬೇಸರ ಬರುವಷ್ಟು ಸಲ ನೋಡಿದೆವು. ಭೌತಶಾಸ್ತ್ರದ ಪಾಠ ವಿಮಾನದ ಸದ್ದಿಗೆ ನಿಲ್ಲುತ್ತಿತ್ತು. ನಮ್ಮ ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟು, “ವರ್ತುಲ ಚಲನೆ ಹೊರಗೇ ನಡದೈತಿ, ನೋಡ್ರಿ” ಎನ್ನುತ್ತಿದ್ದರು. ಹೊಲದಲ್ಲಿ ನಮ್ಮ ಕಾಕಾ ಮಾತ್ರ ಒಮ್ಮೆ ಬಿಳಿ ಹೊಗೆಯ ಗೆರೆಗಳನ್ನು ಬಹಳ ಹೊತ್ತು ನೋಡಿ ಹೇಳಿದ್ದು ನೆನಪಿದೆ: “ದಿನಾ ಅದೇ ಗೆರಿ ಬರೀತಾರ, ಅಳಸ್ತಾರ, ಮತ್ತ ಬರೀತಾರ. ಇವ್ರ ಮಾಸ್ತರು ಭಾಳ ಖಡಕ್ ಇರಬೇಕು ನೋಡ್ ತಮ್ಮಾ.” ವಿಮಾನದ ಹತ್ತಿರ ಒಮ್ಮೆಯೂ ಹೋಗದ ಮನುಷ್ಯ ವಿಷಯದ ಬುಡಕ್ಕೇ ಕೈಹಾಕಿದ್ದ. ಬಿದ್ರಿ ಕೆಲಸದವನು ಕಪ್ಪು ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆಯುವಾಗ ಕೈ ಜಾರಿದರೆ ಮತ್ತೆ ಮೆತ್ತುವ ಮಣ್ಣಿಲ್ಲ; ಆದ್ದರಿಂದ ಕೈ ಜಾರದಂತೆ ವರ್ಷಗಟ್ಟಲೆ ಪಳಗಿಸುತ್ತಾನೆ. ಅದೇ ಊರಿನ ಆಕಾಶದಲ್ಲಿ ನಡೆಯುತ್ತಿದ್ದುದೂ ಕೈ ಪಳಗಿಸುವ ಕೆಲಸವೇ.

ಒಂಬತ್ತು ವಿಮಾನ ಒಟ್ಟಾಗಿ ಹಾರುವಾಗ ರೆಕ್ಕೆಯ ತುದಿಗೂ ತುದಿಗೂ ನಡುವಿನ ಅಂತರ ಸುಮಾರು 5 ಮೀಟರ್. ನಮ್ಮ ನಗರದ ಎರಡು ಕೋಣೆಯ ಬಾಡಿಗೆ ಮನೆಯ ಹಜಾರದಷ್ಟು. ಅಕ್ಕಪಕ್ಕದವನು ಆಕಾಶವನ್ನಾಗಲಿ ಭೂಮಿಯನ್ನಾಗಲಿ ನೋಡುವುದಿಲ್ಲ. ನಾಯಕನ ವಿಮಾನದ ಮೇಲಿನ ಗೊತ್ತಾದ ಗುರುತುಗಳನ್ನೇ ದಿಟ್ಟಿಸುತ್ತ ಅವನು ಹೋದಲ್ಲಿಗೆ ಹೋಗುತ್ತಾನೆ. ತಲೆಕೆಳಗಾದರೂ ಅವನಿಗೆ ಅದೇ ಗುರುತು, ಅದೇ ದೂರ. ಲೂಪಿನ ಬುಡದಲ್ಲಿ ಗುರುತ್ವದ ನಾಲ್ಕು ಪಟ್ಟು ಒತ್ತಡ ಬಿದ್ದರೆ 60 ಕಿಲೋ ತೂಕದ ಮನುಷ್ಯ 240 ಕಿಲೋ ಆಗುತ್ತಾನೆ. ಕಡ್ಡಿ ಹಿಡಿದ ಕೈಯೂ ನಾಲ್ಕು ಪಟ್ಟು ಭಾರ. ಆ ಕೈಯಿಂದ ಕೂದಲೆಳೆಯಷ್ಟು ತಿದ್ದುಪಡಿ ಮಾಡಬೇಕು. ಚಪ್ಪಾಳೆ ಬೀಳುವುದು ಎರಡು ವಿಮಾನಗಳು ಎದುರುಬದುರಾಗಿ ಬಂದು ಇನ್ನೇನು ಡಿಕ್ಕಿ ಎನ್ನುವಷ್ಟರಲ್ಲಿ ದಾಟುವುದಕ್ಕೆ. ನನಗೆ ಕೇಳಿದರೆ, ಒಂಬತ್ತೂ ಸದ್ದಿಲ್ಲದೆ ಒಂದೇ ಹಲಗೆಯಂತೆ ಓರೆಯಾಗಿ ತಿರುಗುವುದು ಅದಕ್ಕಿಂತ ದೊಡ್ಡ ಕೆಲಸ.

ಬೆಲೆಯ ಮಾತಿಗೆ ಬರುತ್ತೇನೆ. 2006ರ ಮಾರ್ಚ್ 18ರಂದು ಬೀದರಿನ ಬಳಿ ಅಭ್ಯಾಸದ ವೇಳೆ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಇಬ್ಬರೂ ಸತ್ತರು. 2009ರ ಜನವರಿ 21ರಂದು ಅಲ್ಲಿಯೇ ವಿಂಗ್ ಕಮಾಂಡರ್ ಧಾಲಿವಾಲ್. ಬೀದರಿನ ಜನ ಇವರನ್ನು ಹೆಸರಿನಿಂದ ಬಲ್ಲವರಲ್ಲ. ಆದರೆ ಆ ದಿನಗಳಲ್ಲಿ ಊರಿನಿಂದ ಫೋನು ಮಾಡಿದವರ ದನಿಯಲ್ಲಿ ಮನೆಯವರೇ ಹೋದ ದುಃಖವಿತ್ತು.

ಮೂರನೆಯದು ನಮ್ಮ ಕಣ್ಣೆದುರೇ ಆಯಿತು. ಶಂಷಾಬಾದಿನ ಹೊಸ ನಿಲ್ದಾಣ 2008ರ ಮಾರ್ಚಿನಲ್ಲಿ ಆರಂಭವಾದ ಮೇಲೆ ಬೇಗಂಪೇಟೆಯಲ್ಲಿ ವಾಣಿಜ್ಯ ಹಾರಾಟ ನಿಂತು, ಅದು ವಿಮಾನ ಪ್ರದರ್ಶನಗಳ ಮೈದಾನವಾಗಿತ್ತು. 2010ರ ಮಾರ್ಚ್ 3ರಂದು ಅಲ್ಲಿನ ಪ್ರದರ್ಶನದ ಮೊದಲ ದಿನ, ನೌಕಾಪಡೆಯ ‘ಸಾಗರ ಪವನ’ ತಂಡದ ನಾಲ್ಕು ಕಿರಣ್ ವಿಮಾನಗಳಲ್ಲಿ ಒಂದು ಕೆಳಗಿಳಿದ ಗೆರೆಯಿಂದ ಮತ್ತೆ ಮೇಲೇಳಲಿಲ್ಲ. ಬೋಯಿನಪಲ್ಲಿಯ ಕಟ್ಟಡವೊಂದಕ್ಕೆ ಬಡಿದು ಉರಿಯಿತು. ಕಮಾಂಡರ್ ಮೌರ್ಯ, ಲೆಫ್ಟಿನೆಂಟ್ ಕಮಾಂಡರ್ ರಾಹುಲ್ ನಾಯರ್ ಇಬ್ಬರೂ ತೀರಿಕೊಂಡರು. ನೆಲದ ಮೇಲಿದ್ದ ಕೆಲವರಿಗೂ ಗಾಯಗಳಾದವು. ಸಿಕಂದರಾಬಾದಿನ ಕಡೆಯ ನಮ್ಮ ಎಷ್ಟೋ ಮನೆಗಳ ಮಾಳಿಗೆಯಿಂದ ಆ ಕಪ್ಪು ಹೊಗೆ ಕಾಣಿಸಿತು.

ಆಗ ನಡೆದ ಚರ್ಚೆಯಲ್ಲಿ ಎರಡು ಮಾತು ಕೇಳಿಬಂದವು. ಇಂಥ ಪ್ರದರ್ಶನವೇ ಬೇಡ, ಇದು ಪ್ರಾಣದೊಡನೆ ಚೆಲ್ಲಾಟ ಎಂಬುದು ಒಂದು. ಸೈನಿಕನ ಬದುಕೇ ಅಪಾಯ, ಅದರಲ್ಲಿ ಇದೂ ಒಂದು ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಲ್ಲ. ಕಸರತ್ತು ಬೇಡವೆಂದರೆ ನೆಸ್ತೆರೋವ್ ತೋರಿಸಿಕೊಟ್ಟ ವಿದ್ಯೆಯೇ ಬೇಡವೆಂದ ಹಾಗೆ. ಆದರೆ ಅದನ್ನು ಎಲ್ಲಿ ಮಾಡಬೇಕು ಎಂಬುದು ಬೇರೆ ಪ್ರಶ್ನೆ. ಈ ವಿಷಯದಲ್ಲಿ ಆಟಿಕೆಯೆಂದು ನಾವು ನಗುವ ಮಾದರಿ ವಿಮಾನದ ಸ್ಪರ್ಧೆಯ ನಿಯಮ ಎಷ್ಟು ಕಟ್ಟುನಿಟ್ಟು ನೋಡಿ: ಸುರಕ್ಷತೆಯ ಗೆರೆ ದಾಟಿ ಜನರಿರುವ ಕಡೆಗೆ ವಿಮಾನ ಬಂದರೆ, ಹಾರಾಟ ಎಷ್ಟೇ ಸೊಗಸಾಗಿರಲಿ, ಅಂಕ ಸೊನ್ನೆ. 5 ಕಿಲೋ ತೂಕದ ವಿಮಾನಕ್ಕೆ ಈ ಶಿಸ್ತು. ನಾಲ್ಕೂ ಕಡೆ ಮನೆಗಳು ಒತ್ತಿ ನಿಂತಿರುವ ಬೇಗಂಪೇಟೆಯಲ್ಲಿ ಜೆಟ್ ವಿಮಾನವು ನೆಲದತ್ತ ಮೂತಿ ಮಾಡುವ ಕಸರತ್ತು ನಡೆಯಬಾರದಿತ್ತು ಎಂದೇ ನನ್ನ ಭಾವನೆ. ಬೀದರಿನ ಸುತ್ತ ಹೊಲಗಳಿವೆ, ದುಂಡಿಗಲ್‌ಗೆ ವಿಸ್ತಾರವಾದ ಆವರಣವಿದೆ. ಗೆರೆ ಅಲ್ಲಿಯೂ ಅಷ್ಟೇ ನೇರವಾಗಿ ಬರುತ್ತದೆ.

ಸೂರ್ಯಕಿರಣ್ ತಂಡ ನಿಂತದ್ದು ಅಪಘಾತದಿಂದಲ್ಲ, ಕೊರತೆಯಿಂದ. ಎಚ್.ಪಿ.ಟಿ.-32 ಎಂಬ ಪ್ರಾಥಮಿಕ ತರಬೇತಿ ವಿಮಾನಗಳನ್ನು 2009ರಲ್ಲಿ ಹಾರಾಟದಿಂದ ಹಿಂತೆಗೆದ ಮೇಲೆ ಹೊಸಬರಿಗೆ ಕಲಿಸಲು ಕಿರಣ್‌ಗಳೇ ಬೇಕಾದವು. 2011ರ ಫೆಬ್ರುವರಿಯಲ್ಲಿ ಯಲಹಂಕದ ಪ್ರದರ್ಶನ ಮುಗಿಸಿ ತಂಡ ತೆರೆಮರೆಗೆ ಸರಿಯಿತು. ಪಾಠಕ್ಕೆ ಸ್ಲೇಟಿಲ್ಲದಾಗ ಚಿತ್ರ ಬರೆಯಲು ಕೊಡುವವರಾರು? ಆ ನಿರ್ಧಾರ ಸರಿಯೇ. ಆದರೂ ಬೀದರಿಗೆ ಹೋದಾಗ ಬೆಳಗಿನ ಆಕಾಶ ಬೋಳಾಗಿ ಕಾಣುತ್ತಿತ್ತು. 2008ರಲ್ಲಿಯೇ ಬೀದರಿಗೆ ಬಂದಿದ್ದ ಹಾಕ್ ವಿಮಾನಗಳೊಡನೆ 2015ರಲ್ಲಿ ತಂಡ ಮತ್ತೆ ಎದ್ದಿತು. ಮೊದಲು ನಾಲ್ಕು, ಕ್ರಮೇಣ ಒಂಬತ್ತು. ಹಾಕ್ ಬ್ರಿಟನ್ನಿನ ವಿನ್ಯಾಸ, ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಪರವಾನಗಿಯ ಮೇಲೆ ತಯಾರಾದದ್ದು. ಕಿರಣ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಿದ್ದರು, ಇದರಲ್ಲಿ ಒಬ್ಬರ ಹಿಂದೊಬ್ಬರು. ವೇಗವೂ ಹೆಚ್ಚು; ಅಂದರೆ ವೃತ್ತವೂ ದೊಡ್ಡದು, ಗುರುತುಗಳೂ ಹೊಸವು, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ಅಭ್ಯಾಸ ನಡೆದಾಗ ಎರಡು ಹಾಕ್‌ಗಳು ಒಂದಕ್ಕೊಂದು ತಗಲಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು. ಇನ್ನಿಬ್ಬರು ಹೊರಕ್ಕೆ ಹಾರಿ ಉಳಿದರು.

ಅಕಾಡೆಮಿಯಲ್ಲಿ ವರ್ಷಕ್ಕೆರಡು ಬಾರಿ, ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ, ಪದವಿ ಪಥಸಂಚಲನ ನಡೆಯುತ್ತದೆ. ಆ ದಿನ ಸೂರ್ಯಕಿರಣ್ ತಂಡ ಬಂದರೆ ನೋಡುವಾಗ ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ಲೂಪಿನ ನೆತ್ತಿಯನ್ನಲ್ಲ, ಅದು ಆರಂಭವಾದ ಎತ್ತರವನ್ನೂ ಮುಗಿದ ಎತ್ತರವನ್ನೂ ನೋಡಲಿ. ಎರಡೂ ಒಂದೇ ಆಗಿದ್ದರೆ ಹತ್ತಕ್ಕೆ ಹತ್ತು. ಸ್ವತಃ ಹಾರಿಸಬೇಕೆಂದು ಹಟ ಹಿಡಿಯುವ ಮಕ್ಕಳಿದ್ದರೆ ಅವರ ತಂದೆತಾಯಿಗಳಿಗೆ ಒಂದು ಸೂಚನೆ: 2021ರ ಡ್ರೋನ್ ನಿಯಮಗಳಂತೆ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟು ಬೇಕಿಲ್ಲ. ಆದರೆ ಆಕಾಶವನ್ನು ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ಕೆಂಪು, ಹಳದಿಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೇಗಂಪೇಟೆ, ಹಕೀಂಪೇಟೆ, ದುಂಡಿಗಲ್, ಶಂಷಾಬಾದ್ ನಾಲ್ಕೂ ಸುತ್ತುವರಿದಿರುವ ನಮ್ಮ ಊರಿನಲ್ಲಿ ಹಸಿರು ಬಯಲು ಸಿಗಬೇಕಾದರೆ ಭಾನುವಾರ ಬೆಳಗಿನ ಐದಕ್ಕೇ ಬುತ್ತಿ ಕಟ್ಟಿಕೊಂಡು ಹೊರಡಬೇಕಾದೀತು.